ಗೋಡೆಯ ಹಾಜರಿ

ಲೆಕ್ಕ ನೋಡುವ ಚೇತನಾ ಎಂಟರ್ ಒತ್ತಿದ ತಕ್ಷಣ ಕಾಂಟ್ರಾಕ್ಟರ್ ಚನ್ನಕೇಶವರು ಕುರ್ಚಿಯಲ್ಲಿ ಮುಂದಕ್ಕೆ ಬಾಗಿದರು. ಇಷ್ಟು ದಿನ ಕೆಲಸದವರೆಲ್ಲರ ಸಂಬಳ ಸುಂಕದಕಟ್ಟೆಯಲ್ಲಿ ಅವರು ಕಟ್ಟಿಸುತ್ತಿದ್ದ ಸ್ಕೂಲಿನ ಖರ್ಚಿಗೇ ಒಟ್ಟಾಗಿ ಬೀಳುತ್ತಿತ್ತು. ಈಗ ಅವಳು ಮೇಸ್ತ್ರಿ ಹಾಕಿದ ಹಾಜರಿಯನ್ನೂ ಸಂಬಳವನ್ನೂ ಲೆಕ್ಕದ ಸಾಫ್ಟ್‌ವೇರಿಗೆ ಜೋಡಿಸಿದ್ದಳು. ಸ್ಕೂಲು ಬಿಟ್ಟ ಮಕ್ಕಳು ತಮ್ಮ ತಮ್ಮ ಮನೆ ಸೇರುವ ಹಾಗೆ ಒಬ್ಬೊಬ್ಬರ ಕೂಲಿಯೂ ಅವರು ದುಡಿದ ಜಾಗಕ್ಕೆ ತಾನೇ ಹೋಗಿ ಕೂರುತ್ತಿತ್ತು.

“ಸ್ಕೂಲಲ್ಲಿ ಲಾಸೇ ಆಗಿಲ್ಲ ಸಾರ್,” ಎಂದಳು ಚೇತನಾ. ಲಾಸಾಗಿದೆ ಎಂದುಕೊಂಡೇ ಚನ್ನಕೇಶವರು ಗಾರೆ ಕೆಲಸದ ಹಾಲವ್ವನ ತಂಡವನ್ನು ಕೆಲಸದಿಂದ ಬಿಡಿಸಲು ಅವಳನ್ನು ಕರೆಸಿದ್ದರು. ಹಾಲವ್ವ ಬಾಗಿಲಲ್ಲೇ ನಿಂತಿದ್ದಳು.

“ಮತ್ತೆ ಅಷ್ಟೊಂದು ಕೂಲಿ ಎಲ್ಲಿಗೋಯ್ತಮ್ಮಾ?”

ಚೇತನಾ ‘ಬ್ಯಾಡರಹಳ್ಳಿ, ಸ್ವಂತ ಮನೆ’ ಎಂಬ ಸಾಲನ್ನು ಒತ್ತಿದಳು. ಹೆಸರುಗಳು ಬಿಚ್ಚಿಕೊಂಡವು. ಹಾಲವ್ವ, ಕೊಟ್ರಪ್ಪ, ದುಂಡೇಶ, ಮತ್ತೆ ಹಾಲವ್ವ. ಸರಿಸಿದಷ್ಟೂ ಮುಗಿಯಲಿಲ್ಲ. ‘ಅರ್ಧ ದಿನ ನಮ್ಮನೆಗೆ ಬಂದೋಗ್ರೋ’ ಎಂದು ಸ್ಕೂಲಿನಿಂದ ತಾವೇ ಇವರನ್ನು ಕರೆಸಿಕೊಳ್ಳುತ್ತಿದ್ದುದು ಚನ್ನಕೇಶವರಿಗೆ ನೆನಪಾಯಿತು. ಆ ಅರ್ಧ ದಿನಗಳೆಲ್ಲ ಸೇರಿ ಇಡೀ ಮನೆಯಾಗಿ ಎದ್ದು ನಿಂತಿದ್ದವು. ಅದೇ ಮನೆಯ ಕೆಳಗಿನ ಕೋಣೆಯಲ್ಲಿ ಅವರು ಈಗ ಕೂತಿದ್ದರು.

ದಪ್ಪ ಮಾನಿಟರಿನಿಂದ ಕಣ್ಣು ಕಿತ್ತು, ಪಕ್ಕದ ಗೋಡೆಯನ್ನು ಮೊದಲ ಸಲ ಕಂಡವರಂತೆ ಅಂಗೈಯಿಂದ ಮುಟ್ಟಿದರು.

“ಈ ಗೋಡೆನೂ ನೀವೇನಾ ಹಾಲವ್ವ?”

“ಹೌದ್ರಿ. ನೀವು ಕೈ ಇಟ್ಟೀರಲ್ಲ, ಅಲ್ಲಿ ಗಾರೆ ನಾನ ಹೊತ್ತು ಕೊಟ್ಟೀನ್ರಿ.”

“ಒಳಗೆ ಬಾರಮ್ಮಾ,” ಎನ್ನುತ್ತ ಚನ್ನಕೇಶವರು ಎದ್ದು ನಿಂತರು.