ಎಷ್ಟು ದೊಡ್ಡ ಹೀಟರ್

ಜಯಲಕ್ಷ್ಮಿಪುರಂನ ಮನೆಯ ಹಿತ್ತಲಲ್ಲಿ ಹೊಸ ಈಜುಕೊಳದ ಅಂಚಿಗೆ ಕುಳಿತ ಗಿರಿಜಾಂಬಾ, ಎಳೆಗೂಸಿಗೆ ಎರೆಯುವ ಮುನ್ನ ನೋಡುವಂತೆ, ಮೊಣಕೈಯನ್ನು ನೀರಿಗಿಳಿಸಿದರು. ಹಿಂದೆ ನಿಂತಿದ್ದ ಸೊಸೆ ನಿಶ್ಚಿತಾ ಉಸಿರು ಬಿಗಿಹಿಡಿದಳು.

ಅತ್ತೆಯ ಬಿಗಿದ ಮಂಡಿ ಸಡಿಲಾಗಲು ಬೆಚ್ಚನೆಯ ನೀರಿನಲ್ಲಿ ನಡೆಯಬೇಕೆಂದು ಡಾಕ್ಟರು ಹೇಳಿದ್ದರು. ಚಿಕ್ಕ ಗ್ಯಾಸ್ ಹೀಟರ್ ಸಾಕೆಂದು ಮಾವ ಸದಾಶಿವಯ್ಯ ಪಟ್ಟು ಹಿಡಿದಾಗ, ಎಂದೂ ಎದುರಾಡದ ನಿಶ್ಚಿತಾ, "ಕೊಳ ಚಿಕ್ಕದೇ ಮಾವ, ಆದ್ರೆ ಮೇಲೆ ಸೂರಿಲ್ವಲ್ಲ. ಈ ಡಿಸೆಂಬರ್ ಗಾಳಿಗೆ ಬಿಸಿಯೆಲ್ಲ ಹಾರೋಗುತ್ತೆ, ದೊಡ್ಡದೇ ಬೇಕು" ಎಂದುಬಿಟ್ಟಿದ್ದಳು. ಅವಳ ಮಾತಿನಂತೆ ದೊಡ್ಡದೇ ಬಂದಿತ್ತು. ಇಂದು ನೀರು ತಣ್ಣಗಿದ್ದರೆ ಇನ್ನೆಂದೂ ಈ ಮನೆಯಲ್ಲಿ ಬಾಯಿ ತೆರೆಯುವ ಧೈರ್ಯ ಅವಳಿಗೆ ಬರುತ್ತಿರಲಿಲ್ಲ.

"ಏನೇ, ನೀರು ನೋಡ್ತಿದ್ದೀಯೋ, ನಿದ್ದೆ ಮಾಡ್ತಿದ್ದೀಯೋ?" ಎಂದರು ಸದಾಶಿವಯ್ಯ.

ಗಿರಿಜಾಂಬಾ ಕಂಬಿ ಹಿಡಿದು ಒಂದೊಂದೇ ಮೆಟ್ಟಿಲು ಇಳಿದರು. ಸೊಂಟದ ತನಕ ನೀರು ಬಂದಾಗ ಅವರ ಮುಖ ಅರಳಿತು. "ಹದವಾಗಿದೆ ಕಣ್ರೀ! ನಿಮ್ಮ ಚಿಕ್ಕದನ್ನ ತಂದಿದ್ರೆ ಯುಗಾದಿ ಹೊತ್ತಿಗೆ ಕಾಯ್ತಿತ್ತೇನೋ."

ನಿಶ್ಚಿತಾಳ ಹೆಗಲು ಸಡಿಲವಾಯಿತು. ಸದಾಶಿವಯ್ಯ ಗಂಟಲು ಸರಿಮಾಡಿಕೊಂಡು ಅವಳ ಕಡೆ ತಿರುಗಿದರು.

"ಬಚ್ಚಲಿಗೂ ಒಂದು ಗೀಸರ್ ತರ್ಬೇಕು ಕಣಮ್ಮ. ಎಷ್ಟು ದೊಡ್ಡದು ಅಂತ ನೀನೇ ಹೇಳ್ಬುಡು."