ತುಂಬದ ಬಾಟಲಿ

“ಆನೆ ನಡೆಯೋ ದಾರೀಲಿ ಇರುವೆ ಎಷ್ಟು ದಿನ ಬದುಕೀತು?”

ನಿವೃತ್ತ ಬಸ್ ಚಾಲಕ ಗೋಡೆಯನ್ನು ನೋಡುತ್ತಾ ಕೇಳಿದ. ನಿವೃತ್ತಿಯಲ್ಲಿ ಬಂದ ಹಣದ ಮುಕ್ಕಾಲು ಪಾಲನ್ನು ಅವನು ಒಂದು ಸಣ್ಣ ಚಿಪ್ ಕಂಪನಿಯ ಷೇರಿಗೆ ಹಾಕಿದ್ದ. ಮೊಬೈಲಿನಲ್ಲಿ ಆ ಷೇರಿನ ಗೆರೆ ಆರು ವಾರದಿಂದ ಕೆಳಗಿಳಿಯುತ್ತಲೇ ಇತ್ತು. ಮಾರುವುದಾದರೆ ಇವತ್ತು ಮಧ್ಯಾಹ್ನ ಮೂರರೊಳಗೆ ಬ್ರೋಕರ್‌ಗೆ ಹೇಳಬೇಕು.

ಅವನ ಅಕ್ಕ ತನ್ನ ರಿಪೇರಿ ಅಂಗಡಿಯ ಮೇಜಿಗೆ ಬಾಗಿ, ಯಾವುದೋ ಹಳೆಯ ಪದ್ಯ ಗುನುಗುತ್ತಾ, ವಾಷಿಂಗ್ ಮೆಷಿನ್ನಿನ ಬೋರ್ಡಿಗೆ ಬೆಸುಗೆ ಹಾಕುತ್ತಿದ್ದಳು. ಪದ್ಯ ನಿಲ್ಲಿಸಿ ಕೇಳಿದಳು: “ಇಳಿಜಾರು ಬಂದಾಗೆಲ್ಲ ಬಸ್ಸಿಂದ ಹಾರ್ಕೊಳ್ತಿದ್ಯೇನೋ ನೀನು?”

“ತಮಾಷೆ ಬೇಡಕ್ಕಾ. ಇದು ಯೋಚನೆ ಮಾಡೋ ಯಂತ್ರಗಳ ಕಾಲ. ದೊಡ್ಡ ದೊಡ್ಡ ಚಿಪ್ಪಿಗೇ ಬೆಲೆ. ನನ್ನ ಕಂಪನಿ ಇನ್ನೂ ಕರೆಂಟು ಅಳೆದು ಕೊಡೋ ಎಳ್ಳುಕಾಳಿನಂಥ ಚಿಪ್ಪು ಮಾಡ್ಕೊಂಡು ಕೂತಿದೆ.”

ಅಕ್ಕ ಕಪಾಟಿನತ್ತ ಕೈ ತೋರಿಸಿದಳು. ರಿಪೇರಿಯಲ್ಲಿ ಕಿತ್ತ ಸತ್ತ ಚಿಪ್ಪನ್ನು ಅವಳು ಕಸಕ್ಕೆ ಎಸೆದವಳಲ್ಲ. ಮಾಡಿದವರ ಹೆಸರು ಬರೆದ ಬಾಟಲಿಗೆ ಹಾಕಿಡುತ್ತಿದ್ದಳು. ಒಂಬತ್ತು ಬಾಟಲಿಗಳಲ್ಲಿ ನಾಲ್ಕು ಕಂಠಮಟ್ಟ ತುಂಬಿದ್ದವು. ತನ್ನ ಕಂಪನಿಯ ಹೆಸರಿದ್ದದ್ದನ್ನು ಅವನು ಎತ್ತಿ ಅಲ್ಲಾಡಿಸಿದ. ತಳದಲ್ಲಿ ಮೂರು ಕರೀ ಚುಕ್ಕಿಗಳು ಸದ್ದು ಮಾಡಿದವು.

“ಇಷ್ಟೇನಾ?”

“ಇಪ್ಪತ್ತೆರಡು ವರ್ಷಕ್ಕೆ.”

“ಹಾಗಾದ್ರೆ ಇದನ್ನ ಯಾರೂ ಬಳಸ್ತಾನೇ ಇಲ್ಲ!”

ಅಕ್ಕ ಭೂತಗನ್ನಡಿಯನ್ನು ಅವನತ್ತ ತಿರುಗಿಸಿ ಒಂದೊಂದೇ ಬೋರ್ಡು ಇಟ್ಟಳು. ಮಿಕ್ಸರು, ಲಿಫ್ಟು, ಕಿವುಡರ ಕಿವಿಯ ಯಂತ್ರ. ಎಲ್ಲದರ ಮೂಲೆಯಲ್ಲೂ ಅವನ ಕಂಪನಿಯ ಗುರುತಿನ ಎಳ್ಳುಕಾಳು. ಕೊನೆಗೆ ಬಟ್ಟೆಯಲ್ಲಿ ಸುತ್ತಿದ್ದೊಂದನ್ನು ಬಿಚ್ಚಿದಳು. ಹೋದ ತಿಂಗಳಷ್ಟೇ ಆಸ್ಪತ್ರೆಗೆ ಬಂದ, ಅವನು ಹೇಳುವಂಥ ಯೋಚಿಸುವ ಯಂತ್ರದ ಬೋರ್ಡು; ಸಾಕೆಟ್ ಮುರಿದು ರಿಪೇರಿಗೆ ಬಂದಿತ್ತು. ನಡುವೆ ಅಂಗೈಯಗಲದ ದೊಡ್ಡ ಚಿಪ್ಪು. ಸುತ್ತಲೂ ಅವನ ಕಂಪನಿಯವು. ಅವನು ಎಣಿಸಿದ. ಹನ್ನೆರಡು.

“ನಿನ್ನ ಆನೆ ಇದೇ ತಾನೆ?” ಎಂದಳು ಅಕ್ಕ. “ಒಂದು ಆನೆಗೆ ಹನ್ನೆರಡು ಮಾವುತರು. ಇವರು ಅಳೆದು ಕೊಡ್ದೇ ಇದ್ರೆ ಅದು ಗಳಿಗೇಲಿ ಸುಟ್ಟು ಹೋಗುತ್ತೆ.”

“ಆದ್ರೆ ಅಕ್ಕಾ, ಕೆಡದ ಸಾಮಾನು ಮಾಡೋನ ಹತ್ರ ಗಿರಾಕಿ ಇನ್ನೊಂದ್ಸಲ ಯಾಕೆ ಬರ್ತಾನೆ?”

“ಇದು ಆನೆಗಳ ಕಾಲ ಅಂದವನು ನೀನೇ ಅಲ್ವೇನೋ! ಒಂದೊಂದು ಹೊಸ ಆನೆಗೂ ಹೊಸದಾಗಿ ಹನ್ನೆರಡು ಬೇಕಲ್ಲ.”

ಗಡಿಯಾರದಲ್ಲಿ ಮೂರಕ್ಕೆ ಐದು ನಿಮಿಷವಿತ್ತು. ಅವನು ಮೊಬೈಲನ್ನು ಮೇಜಿನ ಮೇಲೆ ಬೋರಲು ಹಾಕಿದ. ಮೂರಾಯಿತು, ಮೂರು ಹತ್ತಾಯಿತು. ಹೊರಡುವಾಗ ಬಾಟಲಿ ಇನ್ನೂ ಅವನ ಕೈಯಲ್ಲೇ ಇತ್ತು.

“ಇದನ್ನ ನಂಗೆ ಕೊಡಕ್ಕಾ. ಭಯ ಆದಾಗೆಲ್ಲ ಅಲ್ಲಾಡಿಸ್ಕೋತೀನಿ.”

ಅಕ್ಕ ಬಾಟಲಿಯನ್ನು ಕಿತ್ತುಕೊಂಡು ಕಪಾಟಿನಲ್ಲಿಟ್ಟಳು.

“ಕೊಡಲ್ಲ. ತುಂಬಿದ ದಿನ ನಾನೇ ನಿನ್ನ ಮನೆಗೆ ತರ್ತೀನಿ. ಅವತ್ತು ಮಾರು.”