ಒತ್ತಿದ ಮುಳ್ಳು

ಸೊಂಟಮಟ್ಟದ ನೀರಲ್ಲಿ ನಿಂತಿದ್ದ ಲೆಸ್ಟರ್‌ನ ಗಾಳದ ಕೋಲು ಬಿಲ್ಲಿನಂತೆ ಬಾಗಿದ್ದದ್ದು ಒಮ್ಮೆಲೇ ನೆಟ್ಟಗಾಯಿತು. ದಾರ ಕಡಿದಿತ್ತು. ಟ್ರಕ್ಕಿನಿಂದ ಕಾಫಿ ಫ್ಲಾಸ್ಕು ತರುತ್ತಿದ್ದ ವರ್ನನ್ ದಡದಲ್ಲೇ ನಿಂತು ನಕ್ಕ. ಜೂನಿಯಾಟಾ ನದಿಯ ಅರ್ಧಕ್ಕರ್ಧ ಬಾಸ್ ಮೀನುಗಳ ಬಾಯಲ್ಲಿ ಲೆಸ್ಟರ್ ಕಳೆದುಕೊಂಡ ಗಾಳಗಳೇ ಇವೆ ಎಂದು ಅವನು ಊರಲ್ಲೆಲ್ಲ ಹೇಳಿಕೊಂಡು ತಿರುಗುತ್ತಿದ್ದ. ಇನ್ನೊಂದು ವಾರ ಹೇಳುವುದಕ್ಕೆ ಇವತ್ತಿನದು ಸಾಕಾಗಿತ್ತು.

"ಅಂಥಾ ಬಾಸು ನನ್ ಜನ್ಮದಲ್ಲೇ ಕಂಡಿಲ್ಲ ಮಾರಾಯ." ಲೆಸ್ಟರ್ ದಡದತ್ತ ತಿರುಗಿದ. "ನಿನ್ ನೊಣ ಒಂದು ಹೋಯ್ತು. ಇವತ್ತಿನ ಬಿಯರ್ ನಂದು, ಬಿಡು."

"ಯಾವ್ದು?"

"ಮುಚ್ಚಳದೊಳಗೆ ಒಂದೇ ಒಂದು ಸಿಕ್ಸಿದ್ಯಲ್ಲ, ಕೆಂಪುದು. ಮೊದಲ್ನೇ ಸಲ ಎಸೆದಾಗ್ಲೇ ಕಚ್ತು ನೋಡು."

ವರ್ನನ್‌ನ ನಗು ನಿಂತಿತು. ಫ್ಲಾಸ್ಕನ್ನು ಬಂಡೆಯ ಮೇಲಿಟ್ಟು, ಅಲ್ಲೇ ಬಾಯಿ ತೆರೆದು ಬಿದ್ದಿದ್ದ ತನ್ನ ಡಬ್ಬಿಯನ್ನು ನೋಡಿದ. ಗಾಳಕ್ಕೆ ಜಿಂಕೆಬಾಲದ ಕೂದಲು, ಕೋಳಿಗರಿ ಸುತ್ತಿ ಕಟ್ಟುವ ಬೆರಳುದ್ದದ ಹುಸಿ ಹುಳುವಿಗೆ ಈ ನದಿಯವರು ನೊಣ ಎನ್ನುತ್ತಾರೆ. ಜೊತೆಗಾರನ ಡಬ್ಬಿಯಿಂದ ನೊಣ ತೆಗೆದುಕೊಳ್ಳಲು ಇಲ್ಲಿ ಯಾರೂ ಯಾರನ್ನೂ ಕೇಳುವುದಿಲ್ಲ. ಕೇಳಿದರೆ ಹೊರಗಿನವನ ಹಾಗೆ ಆಡುತ್ತಾನೆ ಎಂದು ಬೇಸರ ಮಾಡಿಕೊಳ್ಳುತ್ತಾರೆ. ಲೆಸ್ಟರ್ ಮಾಡಿದ್ದರಲ್ಲಿ ತಪ್ಪೇನೂ ಇರಲಿಲ್ಲ.

"ಅದು ಟ್ರೂಡಿ ಕೂದ್ಲು," ಎಂದ ವರ್ನನ್.

ಟ್ರೂಡಿ ಅವನ ಮಗಳು. ಹದಿನಾರು ತುಂಬುವ ಮೊದಲೇ ಹೋದಳು. ಅವಳ ಶವಪೆಟ್ಟಿಗೆ ಹೊತ್ತವರಲ್ಲಿ ಲೆಸ್ಟರ್ ಕೂಡ ಒಬ್ಬ. ಕ್ಯಾನ್ಸರ್ ಔಷಧಿಗೆ ಕೂದಲು ದಿಂಬಿನ ಮೇಲೆ ಉದುರತೊಡಗಿದಾಗ ಅವಳು ಅಡುಗೆಮನೆಯ ಕತ್ತರಿಯಿಂದ ತಾನೇ ತನ್ನ ಕೆಂಪುಗೂದಲ ಜಡೆ ಕತ್ತರಿಸಿಕೊಂಡು, ಅದರಲ್ಲಿ ಚಿಟಿಕೆಯಷ್ಟನ್ನು ಅಪ್ಪನ ಅಂಗೈಗೆ ಹಾಕಿದ್ದಳು. ಜಿಂಕೆಬಾಲ ಯಾಕಪ್ಪ, ಇದರಲ್ಲಿ ಕಟ್ಟು, ಮೀನು ತಾನಾಗೇ ಓಡಿಬರುತ್ತೆ ಎಂದು ನಕ್ಕಿದ್ದಳು. ಉಳಿದ ಕೂದಲನ್ನು ತಾಯಿ ಅವಳ ಜೊತೆಗೇ ಮಣ್ಣಿಗೆ ಕೊಟ್ಟಳು. ವರ್ನನ್ ಆ ಒಂದು ನೊಣ ಕಟ್ಟಿದ. ನೀರಿಗೆ ಎಸೆಯಲು ಮನಸ್ಸು ಬರಲಿಲ್ಲ, ಮನೆಯಲ್ಲಿ ಬಿಟ್ಟುಬರಲೂ ಮನಸ್ಸು ಬರಲಿಲ್ಲ. ನದಿಗೆ ಬಂದಾಗಲೆಲ್ಲ ಡಬ್ಬಿಯ ಮುಚ್ಚಳದಲ್ಲಿ ಸಿಕ್ಕಿಸಿಕೊಂಡು ತಂದ, ಹಾಗೆಯೇ ವಾಪಸ್ ಒಯ್ದ. ಯಾರಿಗೂ ಹೇಳಲಿಲ್ಲ. ಇಂಥದ್ದನ್ನೆಲ್ಲ ಗಂಡಸರು ಬಾಯಿಬಿಟ್ಟು ಹೇಳುವ ಊರಲ್ಲ ಅದು. ಹೇಳಿದ್ದರೆ ಎಷ್ಟೋ ಚೆನ್ನಾಗಿತ್ತು.

ಅಷ್ಟರಲ್ಲಿ ಮಡುವಿನ ನಡುವೆ ಮೀನು ನೆಗೆಯಿತು. ಕಂದು ಮೈಯ ದೊಡ್ಡ ಬಾಸು, ಗಾಳಿಯಲ್ಲೇ ತಲೆ ಕೊಡವಿ ಧೊಪ್ಪನೆ ಬಿತ್ತು. ಬಾಯಲ್ಲಿ ಏನಾದರೂ ಚುಚ್ಚಿಕೊಂಡಿದ್ದರೆ ಅದು ಹೀಗೆ ನೆಗೆಯುತ್ತದೆ, ಚುಚ್ಚಿದ್ದು ಉದುರುವವರೆಗೂ ಬಿಡುವುದಿಲ್ಲ. ತುಟಿಯಂಚಿನಲ್ಲಿ ಕೆಂಪಗೆ ಹೊಳೆದದ್ದನ್ನು ಇಬ್ಬರೂ ಕಂಡರು.

"ಇದೆ ಇದೆ, ಅದ್ರ ಬಾಯಲ್ಲೇ ಇದೆ," ಎಂದ ಲೆಸ್ಟರ್. "ಬೇಸಿಗೇಲಿ ದೊಡ್ ಬಾಸು ತನ್ ಮಡು ಬಿಟ್ಟು ಹೋಗಲ್ಲ. ದಿನಾ ಬರೋಣ. ಸಿಗೋವರ್ಗೂ ಬರೋಣ ಕಣೋ."

ವರ್ನನ್ ನೀರಿಗಿಳಿದು ಅವನ ಪಕ್ಕ ಬಂದು ನಿಂತ. ಮೀನು ಮತ್ತೆ ನೆಗೆಯಿತು. ಕೆಂಪು ಇನ್ನೂ ಇತ್ತು. ವರ್ನನ್‌ನ ಮುಖಕ್ಕೆ ಸ್ವಲ್ಪ ಜೀವ ಬಂತು. ಆಮೇಲೆ ಏನೋ ನೆನಪಾದವನಂತೆ ಮೆಲ್ಲಗೆ ಕೇಳಿದ.

"ಮುಳ್ಳು ಒತ್ತಿದ್ಯಾ?"

ಗಾಳದ ತುದಿಯಲ್ಲಿ ಹಿಂದಕ್ಕೆ ಬಾಗಿದ ಸಣ್ಣ ಮುಳ್ಳೊಂದು ಇರುತ್ತದೆ. ಅದಿದ್ದರೆ ಗಾಳ ಮೀನಿನ ಬಾಯಿಂದ ಸುಲಭಕ್ಕೆ ಕಳಚುವುದಿಲ್ಲ. ಹಿಡಿದ ಮೀನನ್ನು ಹೆಚ್ಚು ನೋಯಿಸದೆ ನದಿಗೆ ಬಿಡಬೇಕು ಎಂದು ಇಲ್ಲಿಯವರು ಎಸೆಯುವ ಮುಂಚೆ ಇಕ್ಕಳದಿಂದ ಅದನ್ನು ಒತ್ತಿ ಚಪ್ಪಟೆ ಮಾಡುತ್ತಾರೆ. ಒತ್ತಿದ ಗಾಳವನ್ನು ಮೀನು ನಾಲ್ಕು ಸಲ ತಲೆ ಕೊಡವಿ ಉದುರಿಸಿಬಿಡುತ್ತದೆ. ಈ ವಿಷಯದಲ್ಲಿ ವರ್ನನ್‌ನಷ್ಟು ಕಟ್ಟುನಿಟ್ಟಿನವನು ಇನ್ನೊಬ್ಬನಿರಲಿಲ್ಲ. ಒತ್ತದೆ ಬಂದವನನ್ನು ಕಟುಕ ಎಂದು ಬೈದು ನೀರಿನಿಂದ ಆಚೆ ಕಳಿಸುತ್ತಿದ್ದ. ಹೆಜ್ಜೆಗೊಂದು ಮರೆಯುವ ಲೆಸ್ಟರ್ ಕೂಡ ಅದೊಂದನ್ನು ಮರೆಯದಷ್ಟು ಬೈಸಿಕೊಂಡಿದ್ದ. ವರ್ನನ್ ತಾನು ಒತ್ತದೆ ಬಿಟ್ಟಿದ್ದು, ಎಂದೂ ನೀರಿಗೆ ಎಸೆಯಬಾರದು ಎಂದುಕೊಂಡಿದ್ದ ಆ ಒಂದು ನೊಣದ ಮುಳ್ಳನ್ನು ಮಾತ್ರ.

ಲೆಸ್ಟರ್ ಕೊರಳಿಗೆ ನೇತುಹಾಕಿಕೊಂಡಿದ್ದ ಇಕ್ಕಳವನ್ನು ಮುಷ್ಟಿಯಲ್ಲಿ ಮುಚ್ಚಿ ಹಿಡಿದುಕೊಂಡ.

"ಒತ್ತಿದೀನಿ ಕಣೋ," ಎಂದ. "ನೀನು ಮರ್ತಿದೀಯ ಅಂದ್ಕೊಂಡು ನಾನೇ ಒತ್ತಿದೆ."

ಮೀನು ಇನ್ನೊಮ್ಮೆ ನೆಗೆಯಿತು. ಇಳಿಬಿಸಿಲು ಕಣ್ಣಿಗೆ ಹೊಡೆಯುತ್ತಿದ್ದುದರಿಂದ ಅದರ ಬಾಯಲ್ಲಿ ಏನಿದೆಯೋ ಏನಿಲ್ಲವೋ ಕಾಣಲಿಲ್ಲ. ನೆಗಿ, ಇನ್ನೊಂದು ಸಲ ನೆಗಿ ಎಂದು ವರ್ನನ್ ತುಟಿಯಲ್ಲೇ ಹೇಳಿಕೊಳ್ಳುತ್ತಿದ್ದ. ಒಂದು ಮೀನಿಗೆ ಇನ್ನೂ ನೋಯುತ್ತಿರಲಿ ಎಂದು ಅವನು ಬೇಡಿಕೊಂಡದ್ದು ಆಯುಷ್ಯದಲ್ಲಿ ಅದೇ ಮೊದಲು. ತುಂಡಾದ ದಾರವನ್ನು ಸುತ್ತಿಕೊಳ್ಳಲೂ ಲೆಸ್ಟರ್‌ಗೆ ಧೈರ್ಯವಾಗಲಿಲ್ಲ. ಇಬ್ಬರೂ ಮಡುವನ್ನೇ ನೋಡುತ್ತ ನಿಂತರು.

ಮೀನು ಮತ್ತೆ ನೆಗೆಯಲಿಲ್ಲ. ಅದರ ನೋವು ಕಳೆದಿತ್ತು.